ಸಿಸ್ಟಮ್ ಅನಾಲಿಸಿಸ್ ಮತ್ತು ಡಿಸೈನ್: ಸಾಫ್ಟ್‌ವೇರ್ ಕೊಳ್ಳುವ ಮೊದಲಿನ ಕೆಲಸ

ಮುಂಬೈಯಲ್ಲಿ ಬಿಎಸ್ಸಿ ಐಟಿ, ಎಂಸಿಎ ಓದುವ ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತೇ ಇರುತ್ತದೆ. ಅವರಿಗೆ ಅದೊಂದು ಪೇಪರ್. ಹಂತಗಳನ್ನು ಬಾಯಿಪಾಠ ಮಾಡುತ್ತಾರೆ, ಚಿತ್ರ ಬರೆಯುತ್ತಾರೆ, ಪಾಸಾಗುತ್ತಾರೆ. ಆದರೆ ಇದು ಕಾಲೇಜಿಗೆ ಮಾತ್ರ ಸೇರಿದ ವಿಷಯ ಅಲ್ಲ. ಹೋಟೆಲ್ ನಡೆಸುವವರು, ಸಂಘದ ಆಫೀಸು ನೋಡಿಕೊಳ್ಳುವವರು, ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಹೀಗೆ ಸಾಫ್ಟ್‌ವೇರಿಗೆ ದುಡ್ಡು ಕೊಡುವ ಎಲ್ಲರಿಗೂ ಇದರ ಅರ್ಥ ತಿಳಿದಿರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಅರ್ಥ ಸರಳವಾಗಿಯೇ ಇದೆ. ಒಂದು ಸಂಸ್ಥೆಯಲ್ಲಿ ಕೆಲಸ ಈಗ ಹೇಗೆ ನಡೆಯುತ್ತಿದೆ, ಎಲ್ಲಿ ತೊಡಕಿದೆ, ಯಾರಿಗೆ ಯಾವ ಮಾಹಿತಿ ಯಾವಾಗ ಬೇಕು ಅಂತ ಕಂಡುಕೊಳ್ಳುವುದು ಅನಾಲಿಸಿಸ್. ಆ ಮಾಹಿತಿಯನ್ನು ಒದಗಿಸುವ ವ್ಯವಸ್ಥೆ ಹೇಗಿರಬೇಕು ಅಂತ ತೀರ್ಮಾನಿಸುವುದು ಡಿಸೈನ್. ಇಲ್ಲಿ ಸಿಸ್ಟಮ್ ಅಂದರೆ ಕಂಪ್ಯೂಟರ್ ಅಷ್ಟೇ ಅಲ್ಲ. ಜನ, ರಿಜಿಸ್ಟರು, ನಿಯಮ, ಚೀಟಿ, ಫೋನು, ಯಂತ್ರ ಎಲ್ಲಾ ಸೇರಿ ಒಂದು ಸಿಸ್ಟಮ್. ಒಂದೂ ಕಂಪ್ಯೂಟರ್ ಇಲ್ಲದ ಹೋಟೆಲಿನಲ್ಲೂ ಮಾಹಿತಿ ವ್ಯವಸ್ಥೆ ಇದ್ದೇ ಇದೆ. ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ (ಕೆಒಟಿ), ಗಲ್ಲಾದ ಪಕ್ಕದ ಉದ್ರಿ ಪುಸ್ತಕ, ಹಾಲಿನವನ ಲೆಕ್ಕ ಇವೆಲ್ಲ ಅದೇ.

ಹೋಟೆಲಿನ ಮಾತು ಸುಮ್ನೆ ತೆಗೆದದ್ದಲ್ಲ. ವ್ಯಾಪಾರದ ದಿನನಿತ್ಯದ ಲೆಕ್ಕಕ್ಕೆ ಮೊದಲು ಕಂಪ್ಯೂಟರ್ ಹಚ್ಚಿದ್ದು ಇಂಗ್ಲೆಂಡಿನ ಜೆ. ಲಯನ್ಸ್ ಅನ್ನುವ ಕಂಪನಿ. ಅವರದು ಚಹಾ ಅಂಗಡಿ ಮತ್ತು ಬೇಕರಿ ವ್ಯಾಪಾರ. ಲಿಯೋ ಅನ್ನುವ ಯಂತ್ರವನ್ನು ತಾವೇ ಕಟ್ಟಿಸಿ, 1951ರ ನವೆಂಬರಿನಲ್ಲಿ ಬೇಕರಿಯ ಲೆಕ್ಕ ಅದರ ಮೇಲೆ ಶುರುಮಾಡಿದರು. ಅದಕ್ಕೂ ಸುಮಾರು 20 ವರ್ಷ ಮೊದಲೇ ಕಚೇರಿ ಕೆಲಸವನ್ನು ಸುಧಾರಿಸುವುದಕ್ಕೆಂದೇ ಅಲ್ಲಿ ಒಂದು ವಿಭಾಗ ಇತ್ತು. ಲಿಯೋ ಮಾಡಬೇಕಾದ ಕೆಲಸಗಳ ರೂಪುರೇಷೆ ಹಾಕಿದ ಡೇವಿಡ್ ಕ್ಯಾಮಿನರ್ ಅವರನ್ನು ಜಗತ್ತಿನ ಮೊದಲ ಸಿಸ್ಟಮ್ ಅನಲಿಸ್ಟ್ ಅಂತ ಕರೆಯುವುದುಂಟು.

ಅವರ ತಂಡ 1954ರಲ್ಲಿ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಎಲ್ಲಾ ಚಹಾ ಅಂಗಡಿಗಳಿಂದ ಮರುದಿನದ ಆರ್ಡರ್ ಬರಬೇಕು. ಇಡೀ ಪಟ್ಟಿಯನ್ನು ಪ್ರತಿದಿನ ಬರೆಸಿಕೊಂಡರೆ ಕಂಪ್ಯೂಟರ್ ಇದ್ದೂ ಪ್ರಯೋಜನ ಇಲ್ಲ. ಅದಕ್ಕೆ ಪ್ರತಿ ಅಂಗಡಿಗೂ ಒಂದು ಮಾಮೂಲಿ ಆರ್ಡರ್ ಗೊತ್ತುಮಾಡಿ ಯಂತ್ರಕ್ಕೆ ಕೊಟ್ಟರು. ಅಂಗಡಿ ನೋಡಿಕೊಳ್ಳುವ ಹೆಂಗಸು ಫೋನಿನಲ್ಲಿ ಬದಲಾವಣೆ ಮಾತ್ರ ಹೇಳಿದರೆ ಸಾಕಾಯಿತು. ಈ ಯೋಚನೆಯಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಹೊಳೆಯುವ ಯೋಚನೆ ಅದು.

ಈಗ ಮುಂಬೈಗೆ ಬರೋಣ. ಮಾಟುಂಗ, ಚೆಂಬೂರು, ಮುಲುಂಡ್ ಮೂರು ಕಡೆ ಶಾಖೆ ಇರುವ ಒಂದು ಉಡುಪಿ ಹೋಟೆಲ್ ಅಂತ ಇಟ್ಟುಕೊಳ್ಳಿ. ಇಡ್ಲಿ, ದೋಸೆಯ ಹಿಟ್ಟು ರುಬ್ಬುವುದು ಮಾಟುಂಗದಲ್ಲಿ. ಬೆಳಗ್ಗೆ ಟೆಂಪೋದಲ್ಲಿ ಉಳಿದೆರಡು ಕಡೆ ಹೋಗುತ್ತದೆ. ಮಾಲೀಕರು ಪರಿಚಯದ ಹುಡುಗನನ್ನು ಕರೆದು ಹೇಳುತ್ತಾರೆ.

"ನಮಗೊಂದು ಒಳ್ಳೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡು ಮಾರಾಯ."

"ಈಗಿನ ಬಿಲ್ಲಿಂಗಿನಲ್ಲಿ ಏನು ತೊಂದರೆ ಅಣ್ಣ?"

"ಬಿಲ್ಲಿಂಗಿನಲ್ಲಿ ತೊಂದರೆ ಏನಿಲ್ಲ. ವ್ಯಾಪಾರ ಜೋರಾಗಿಯೇ ಉಂಟು. ತಿಂಗಳ ಕೊನೆಗೆ ಲಾಭ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುವುದಿಲ್ಲ."

ಅನಾಲಿಸಿಸ್ ಶುರುವಾಗುವುದು ಇಲ್ಲಿಂದ. ಕೇಳಿದ್ದು ಬಿಲ್ಲಿಂಗ್, ಬೇಕಾಗಿರುವುದು ಬೇರೇನೋ. ಅದೇನು ಅಂತ ತಿಳಿಯಲು ಜನರನ್ನು ಮಾತಾಡಿಸಬೇಕು, ಇರುವ ಕಾಗದಪತ್ರ ಓದಬೇಕು, ಕೆಲಸ ನಡೆಯುವ ಜಾಗದಲ್ಲಿ ನಿಂತು ನೋಡಬೇಕು. ಮೂರನೆಯದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಮಾಲೀಕರು ಹೇಳುವುದು ಕೆಲಸ ಹೇಗೆ ನಡೆಯಬೇಕು ಅನ್ನುವುದನ್ನು. ಬೆಳಗ್ಗೆ ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಅದು ನಿಜವಾಗಿ ಹೇಗೆ ನಡೆಯುತ್ತದೆ ಅಂತ ಕಾಣುತ್ತದೆ.

ಹಾಗೆ ನಿಂತಾಗ ಒಂದು ವಸ್ತುವನ್ನು ತಪ್ಪದೆ ಹುಡುಕಬೇಕು. ಜನ ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಖಾಸಗಿ ಪುಸ್ತಕ. ಕಿಸೆಯ ಡೈರಿ, ರಿಜಿಸ್ಟರಿನ ಕೊನೆಯ ಹಾಳೆ, ಗೋಡೆಗೆ ಅಂಟಿಸಿದ ಚೀಟಿ, ನಾಲ್ಕು ಜನರ ವಾಟ್ಸಾಪ್ ಗುಂಪು, ಯಾವುದಾದರೂ ಆಗಬಹುದು. ಅಧಿಕೃತ ವ್ಯವಸ್ಥೆ ಕೊಡದ ಮಾಹಿತಿಯನ್ನು ಜನ ಅಲ್ಲಿ ಬರೆದುಕೊಂಡಿರುತ್ತಾರೆ. ನಮ್ಮ ಮುಲುಂಡಿನ ಮ್ಯಾನೇಜರರ ಡೈರಿಯಲ್ಲಿ ಪ್ರತಿ ತಿಂಗಳ ಸಂಕಷ್ಟಿಯ ದಿನಕ್ಕೆ ಗುರುತು ಹಾಕಿದೆ ಅಂದುಕೊಳ್ಳಿ. ಆ ದಿನ ಉಪವಾಸ ಮಾಡುವವರು ಇಲ್ಲಿ ಬಹಳ. ಇಡ್ಲಿಗೆ ಕೇಳುವವರು ಕಡಿಮೆ, ಸಾಬೂದಾನಿ ಖಿಚಡಿಗೆ ಜಾಸ್ತಿ. ಸಂಕಷ್ಟಿ ಮಂಗಳವಾರ ಬಿದ್ದು ಅಂಗಾರಕಿ ಆದರೆ ಕೇಳುವುದೇ ಬೇಡ. ಅವರಿಗೆ ಇದು ಗೊತ್ತು. ಮಾಟುಂಗದಲ್ಲಿ ಹಿಟ್ಟು ರುಬ್ಬಿಸುವವರಿಗೆ ಯಾರೂ ಹೇಳಿಲ್ಲ. ಹೊಸ ವ್ಯವಸ್ಥೆಗೆ ತಿಥಿ ತಿಳಿದಿರಬೇಕು ಅನ್ನುವ ಬೇಡಿಕೆ ಯಾವ ಮೀಟಿಂಗಿನಲ್ಲೂ ಬರುತ್ತಿರಲಿಲ್ಲ. ಡೈರಿ ಅದನ್ನು ಹೇಳಿತು.

ಕಂಡದ್ದನ್ನು ಚಿತ್ರದಲ್ಲಿ ಬರೆಯಲು ಡೇಟಾ ಫ್ಲೋ ಡಯಾಗ್ರಮ್ ಅನ್ನುವ ವಿಧಾನ 1970ರ ದಶಕದ ಕೊನೆಗೆ ಬಳಕೆಗೆ ಬಂತು. ಅದರಲ್ಲಿ ನಾಲ್ಕೇ ಗುರುತು. ಹೊರಗಿನವರು, ಅಂದರೆ ಗಿರಾಕಿ, ದಿನಸಿ ಕೊಡುವ ವ್ಯಾಪಾರಿ. ಒಳಗೆ ನಡೆಯುವ ಕೆಲಸ. ಮಾಹಿತಿ ಕೂಡಿಡುವ ಜಾಗ. ಇವುಗಳ ನಡುವೆ ಮಾಹಿತಿ ಹರಿಯುವ ಬಾಣ. ಮೊದಲು ಈಗ ಇರುವ ಹಾಗೆ ಬರೆಯಬೇಕು, ಆಮೇಲೆ ಇರಬೇಕಾದ ಹಾಗೆ. ಈ ಚಿತ್ರದ ದೊಡ್ಡ ಗುಣ ಅಂದರೆ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಒಂದು ಕೆಲಸಕ್ಕೆ ಮಾಹಿತಿ ಬರುತ್ತದೆ, ಅಲ್ಲಿಂದ ಏನೂ ಹೊರಡುವುದಿಲ್ಲ ಅಂದರೆ ಅದಕ್ಕೆ ಬ್ಲ್ಯಾಕ್ ಹೋಲ್ ಅನ್ನುತ್ತಾರೆ. ಏನೂ ಬಾರದೆ ಮಾಹಿತಿ ಹೊರಬಿದ್ದರೆ ಮಿರಾಕಲ್.

ನಮ್ಮ ಹೋಟೆಲಿನ ಚಿತ್ರದಲ್ಲಿ ಎರಡೂ ಇವೆ. ಚೆಂಬೂರಿನಲ್ಲಿ ಹುಳಿಯಾಗಿ ಚೆಲ್ಲಿದ ಹಿಟ್ಟನ್ನು ದಿನಾ ಬರೆದಿಡುತ್ತಾರೆ, ಆ ಲೆಕ್ಕ ಎಲ್ಲಿಗೂ ಹೋಗುವುದಿಲ್ಲ. ಮಾಟುಂಗದಿಂದ ನಾಳೆಗೆ ಇಷ್ಟು ಹಿಟ್ಟು ಅನ್ನುವ ಸಂಖ್ಯೆ ಹೊರಡುತ್ತದೆ, ಅದು ಯಾವ ಲೆಕ್ಕದಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ಭಟ್ಟರ ಅಂದಾಜು ಅಷ್ಟೇ. ಹಾಗಾಗಿ ಭಾನುವಾರ ಮುಲುಂಡಿನಲ್ಲಿ ಹತ್ತು ಗಂಟೆಗೆ ದೋಸೆ ಮುಗಿಯುತ್ತದೆ, ಅದೇ ಹೊತ್ತಿಗೆ ಚೆಂಬೂರಿನಲ್ಲಿ ಹಿಟ್ಟು ಮಿಗುತ್ತದೆ. ಲಾಭ ಸೋರುವ ಜಾಗ ಸಿಕ್ಕಿತು. ಬೇಕಾಗಿದ್ದದ್ದು ಬಿಲ್ಲಿಂಗ್ ಅಲ್ಲ, ಹಿಟ್ಟಿನ ಇಂಡೆಂಟ್, ಅಂದರೆ ಯಾವ ಶಾಖೆಗೆ ನಾಳೆ ಎಷ್ಟು ಹಿಟ್ಟು ಬೇಕು ಅನ್ನುವ ಬೇಡಿಕೆ ಪಟ್ಟಿ.

ಇದನ್ನು ಮಾಡಲು ಆಗುತ್ತದೆಯೇ ಅಂತ ನೋಡುವುದು ಫೀಸಿಬಿಲಿಟಿ. ತಂತ್ರಜ್ಞಾನ ಇದೆಯೇ, ಖರ್ಚಿಗೆ ತಕ್ಕ ಉಳಿತಾಯ ಇದೆಯೇ, ಜನ ಬಳಸುತ್ತಾರೆಯೇ? ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಿಟ್ಟಿನ ಕೈಯಲ್ಲಿ ಟಚ್ ಸ್ಕ್ರೀನ್ ಒತ್ತಲು ಆಗುವುದಿಲ್ಲ, ಅಲ್ವಾ?

ಡಿಸೈನಿನಲ್ಲಿ ಏನನ್ನು ನೆನಪಿಡಬೇಕು, ಅವುಗಳಿಗೆ ಒಂದಕ್ಕೊಂದು ಏನು ಸಂಬಂಧ ಅನ್ನುವುದು ಮುಖ್ಯ. ಶಾಖೆ, ತಿಂಡಿ, ಬಿಲ್ಲು, ದರ, ದಿನ. ಇಂಥ ಸಂಬಂಧಗಳನ್ನು ಚಿತ್ರಿಸುವ ಇಆರ್ (ಎಂಟಿಟಿ ರಿಲೇಶನ್‌ಶಿಪ್) ಡಯಾಗ್ರಮ್ ಅನ್ನು ಪೀಟರ್ ಚೆನ್ 1976ರಲ್ಲಿ ಮುಂದಿಟ್ಟರು. ಇದು ಕಾಗದದ ಪಾಂಡಿತ್ಯ ಅಲ್ಲ ಅಂತ ಹೋಟೆಲಿನವರಿಗೆ 2017 ತೋರಿಸಿತು. ಆ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಇದ್ದರೆ ಶೇ. 18. ನವೆಂಬರ್ 15ರಿಂದ ಎರಡಕ್ಕೂ ಶೇ. 5 ಆಯಿತು. ತೆರಿಗೆಯ ದರವನ್ನು ಪ್ರೋಗ್ರಾಮಿನ ಒಳಗೇ ಬರೆದಿಟ್ಟಿದ್ದರೆ ಪ್ರತಿ ಸಲವೂ ಪ್ರೋಗ್ರಾಮರ್ ಬರಬೇಕು. ದರವನ್ನು ಒಂದು ಪಟ್ಟಿಯಲ್ಲಿ, ಯಾವ ದಿನದಿಂದ ಜಾರಿ ಅನ್ನುವ ತಾರೀಖಿನ ಜೊತೆ ಇಟ್ಟರೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಹಳೆಯ ಬಿಲ್ಲು ತೆಗೆದಾಗ ಹಳೆಯ ದರವೇ ಬರುತ್ತದೆ. ಬದಲಾಗುವುದು ಯಾವುದು, ಬದಲಾಗದ್ದು ಯಾವುದು ಅಂತ ಬೇರೆ ಮಾಡುವುದೇ ಒಳ್ಳೆಯ ಡಿಸೈನಿನ ಅರ್ಧ ಭಾಗ.

ಪಠ್ಯಪುಸ್ತಕದಲ್ಲಿ ಅನಾಲಿಸಿಸ್, ಡಿಸೈನ್, ಪ್ರೋಗ್ರಾಮ್ ಬರೆಯುವುದು, ಪರೀಕ್ಷೆ ಅನ್ನುವ ಈ ಹಂತಗಳು ಜಲಪಾತದ ಹಾಗೆ ಒಂದರ ಕೆಳಗೊಂದು ಇರುತ್ತವೆ. 1970ರಲ್ಲಿ ಆ ಚಿತ್ರ ಬರೆದ ವಿನ್‌ಸ್ಟನ್ ರಾಯ್ಸ್ ಅವರೇ, ಹಿಂದಿನ ಹಂತಕ್ಕೆ ಮರಳುವ ದಾರಿ ಇಲ್ಲದಿದ್ದರೆ ಇದು ಅಪಾಯ ಅಂತ ಹೇಳಿದ್ದರು. ನಿಜವಾದ ಕೆಲಸದಲ್ಲಿ ಹಿಂದೆ ಮುಂದೆ ಓಡಾಟ ಇದ್ದೇ ಇರುತ್ತದೆ.

ಹೊಸ ವ್ಯವಸ್ಥೆಗೆ ದಾಟುವ ಹೊತ್ತು ಎಲ್ಲಕ್ಕಿಂತ ನಾಜೂಕು. 1992ರ ಅಕ್ಟೋಬರ್ 26ರಂದು ಲಂಡನ್ನಿನ ಆಂಬುಲೆನ್ಸ್ ಸೇವೆ ಇಡೀ ನಗರಕ್ಕೆ ಒಂದೇ ಸಲ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಹೋಯಿತು. ಯಾವ ಗಾಡಿ ಎಲ್ಲಿದೆ ಅನ್ನುವ ಮಾಹಿತಿಯೇ ತಪ್ಪಾಗತೊಡಗಿತು, ಆಂಬುಲೆನ್ಸುಗಳು ತಡವಾದವು, ಕೆಲವೇ ದಿನಗಳಲ್ಲಿ ಹಳೆಯ ಕಾಗದದ ಪದ್ಧತಿಗೆ ಮರಳಬೇಕಾಯಿತು. ಒಂದು ಶಾಖೆಯಲ್ಲಿ ಮೊದಲು ಮಾಡಿ ನೋಡುವುದು, ಇಲ್ಲವೇ ಹಳೆಯದನ್ನೂ ಹೊಸದನ್ನೂ ಕೆಲವು ವಾರ ಜೊತೆಗೇ ನಡೆಸುವುದು ಸುರಕ್ಷಿತ. ಜೊತೆಗೇ ನಡೆಸಿದರೆ ಹುಡುಗರಿಗೆ ಕೆಲಸ ಎರಡು ಪಟ್ಟು ಆಗುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡು ಆ ದಿನಗಳಿಗೆ ಒಬ್ಬರನ್ನು ಹೆಚ್ಚಿಗೆ ಇಟ್ಟುಕೊಳ್ಳಬೇಕು. ಚೌತಿಯ ಹತ್ತು ದಿನಗಳಲ್ಲಂತೂ ಶುರುಮಾಡಲೇಬಾರದು.

ಶುರುವಾದ ಮೇಲೂ ಡೇಟಾ ಫ್ಲೋ ಚಿತ್ರದ ಕೆಲಸ ನಿಲ್ಲುವುದಿಲ್ಲ. ಝೊಮ್ಯಾಟೊ, ಸ್ವಿಗ್ಗಿ ಬಂದಾಗ ಹೊರಗಿನವರ ಗುರುತು ಒಂದು ಹೆಚ್ಚಾಯಿತು. ಮಾರಾಟ ಇವತ್ತು, ಕಮಿಷನ್ ಕಳೆದು ದುಡ್ಡು ಬರುವುದು ಆಮೇಲೆ. ದಿನದ ಗಲ್ಲಾ ಲೆಕ್ಕಕ್ಕೂ ಮಾರಾಟಕ್ಕೂ ತಾಳೆ ತಪ್ಪುತ್ತದೆ. ಬರಬೇಕಾದ ದುಡ್ಡು ಅನ್ನುವ ಹೊಸ ಖಾತೆ ಬೇಕು, ಅದನ್ನು ವಾರಕ್ಕೊಮ್ಮೆ ಬ್ಯಾಂಕಿನ ಜಮೆಯ ಜೊತೆ ಹೋಲಿಸಿ ನೋಡುವವರು ಯಾರು ಅಂತ ಗೊತ್ತಾಗಬೇಕು. ಸಾಫ್ಟ್‌ವೇರ್ ಮಾರುವವರ ಜೊತೆ ಮಾತಿಗೆ ಕೂತಾಗ ಆ ಚಿತ್ರದ ಒಂದು ಪ್ರತಿ ಮಾಲೀಕರ ಕೈಯಲ್ಲೂ ಇರಲಿ, ಬದಲಾವಣೆ ಆದಾಗಲೆಲ್ಲ ಅದನ್ನು ತಿದ್ದಿಸಿಕೊಳ್ಳಲಿ.