ಪದ ಪರಿಚಯ: ಬಂದೂಕು ವಿಮೆಯಲ್ಲಿ 'ಒಪ್ಪಿತ ಮೌಲ್ಯ'

ಕೋವಿ ಕಳವಾಯಿತು ಅಥವಾ ಬೆಂಕಿಗೆ ಸಿಕ್ಕಿ ಹಾಳಾಯಿತು ಅನ್ನಿ. ಅದರ ಬೆಲೆ ಎಷ್ಟಿತ್ತು ಎಂಬ ಪ್ರಶ್ನೆ ಏಳುವುದು ಆಗ; ತೋರಿಸೋಣವೆಂದರೆ ಕೋವಿಯೇ ಇಲ್ಲ. ಈ ಪ್ರಶ್ನೆಯನ್ನು ಪಾಲಿಸಿ ಬರೆಯುವ ದಿನವೇ ಬಗೆಹರಿಸಿ, ಇಂಥ ನಂಬರಿನ ಕೋವಿ ಪೂರ್ತಿ ನಷ್ಟವಾದರೆ ಇಷ್ಟು ಹಣ ಎಂದು ಮಾಲೀಕರೂ ವಿಮಾ ಕಂಪನಿಯೂ ಬರಹದಲ್ಲಿ ನಿಗದಿ ಮಾಡಿಕೊಂಡ ಮೊತ್ತವೇ ಒಪ್ಪಿತ ಮೌಲ್ಯ. ಪಾಲಿಸಿಯಲ್ಲಿ ಇದನ್ನು 'ಅಗ್ರೀಡ್ ವ್ಯಾಲ್ಯೂ' ಎಂದು ಬರೆದಿರುತ್ತಾರೆ. ಕ್ಲೇಮಿನ ಹೊತ್ತಿಗೆ ಸವಕಳಿ ಕಳೆಯುವಂತಿಲ್ಲ, ಮಾರುಕಟ್ಟೆ ಇಳಿದಿದೆ ಎಂಬ ವಾದವೂ ನಡೆಯುವುದಿಲ್ಲ.

ಮನೆ ಸಾಮಾನಿನ ಮಾಮೂಲಿ ಪಾಲಿಸಿ ಸಾಲದೇ ಎಂದರೆ, ದೊಡ್ಡ ಸಂಗ್ರಹಕ್ಕೆ ಸಾಲದು. ಅಂಥ ಹಲವು ಪಾಲಿಸಿಗಳಲ್ಲಿ ಬಂದೂಕಿನ ಕಳವಿಗೆಂದೇ ಒಂದು ಒಳಮಿತಿ ಇರುತ್ತದೆ. ಆ ಮಿತಿ ಒಂದೊಂದು ಕೋವಿಗಲ್ಲ, ಹೋದ ಅಷ್ಟಕ್ಕೂ ಸೇರಿ. ಹನ್ನೆರಡು ಕಳವಾದರೂ ಕೈಗೆ ಬರುವುದು ಒಂದೆರಡರ ಬೆಲೆ. ಲೆಕ್ಕ ಹಾಕುವ ರೀತಿಯೂ ಹೊಂದುವುದಿಲ್ಲ: ವರ್ಷ ಕಳೆದಂತೆ ಬೆಲೆ ಇಳಿಸುತ್ತ ಹೋಗುವ ಕ್ರಮ ಫ್ರಿಜ್ಜಿಗೆ ಸರಿ. 80 ವರ್ಷ ಕಳೆದರೂ ಮೂಲ ಮೆರುಗು ಮಾಸದ ಜೋಡಿನಳಿಗೆ ಕೋವಿಗೆ ಬೆಲೆ ಬಂದಿರುವುದೇ ವಯಸ್ಸಿನಿಂದ.

ಹೆಸರು ನೋಡಿ ಮೋಸಹೋಗುವ ಜಾಗವೊಂದಿದೆ, 'ಸ್ಟೇಟೆಡ್ ವ್ಯಾಲ್ಯೂ'. ಕೇಳಲು ಎರಡೂ ಒಂದೇ ಅನ್ನಿಸುತ್ತದೆ. ಆದರೆ ಇಲ್ಲಿ ನೀವು ಹೇಳಿದ ಮೊತ್ತ ಬರೀ ಮೇಲ್ಮಿತಿ. ಆ ಮೊತ್ತ, ಅಂದಿನ ಮಾರುಕಟ್ಟೆ ಬೆಲೆ, ರಿಪೇರಿ ಖರ್ಚು ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತಾರೆ. ಪ್ರೀಮಿಯಂ ಮಾತ್ರ ನೀವು ಹೇಳಿದ ಮೊತ್ತದ ಮೇಲೆ. ಪೂರ್ತಿ ನಷ್ಟದ ಕಲಮಿನಲ್ಲಿ 'ಯಾವುದು ಕಡಿಮೆಯೋ ಅದು' ಎಂಬ ಮಾತು ಕಂಡರೆ ಅದು ಒಪ್ಪಿತ ಮೌಲ್ಯದ ಪಾಲಿಸಿ ಅಲ್ಲ, ಏಜೆಂಟರು ಬಾಯಲ್ಲಿ ಏನೇ ಹೇಳಲಿ.

ಇಡೀ ಸಂಗ್ರಹಕ್ಕೆ ಒಂದೇ ಮೊತ್ತ ಬರೆಸುವುದೂ ಉಂಟು. ಅಲ್ಲಿ ಒಂದು ಕೋವಿಗೆ ಗರಿಷ್ಠ ಎಷ್ಟು ಎಂಬುದನ್ನೂ ಸರಾಸರಿ ಷರತ್ತು (ನಿಜ ಬೆಲೆಗಿಂತ ಕಡಿಮೆ ಬರೆಸಿದ್ದರೆ ನಷ್ಟದಲ್ಲೂ ಅದೇ ಪ್ರಮಾಣದ ಪಾಲನ್ನಷ್ಟೇ ಕೊಡುವ ನಿಯಮ) ಇದೆಯೇ ಎಂಬುದನ್ನೂ ಹುಡುಕಿ ಓದಬೇಕು. 10 ಲಕ್ಷದ ಸಂಗ್ರಹಕ್ಕೆ 6 ಲಕ್ಷ ಬರೆಸಿದ್ದು, 2 ಲಕ್ಷದ ನಷ್ಟವಾದರೆ ಈ ಷರತ್ತಿನಡಿ ಸಿಗುವುದು 1.2 ಲಕ್ಷ ಮಾತ್ರ. ಬೆಲೆಬಾಳುವ ನಾಲ್ಕೈದನ್ನು ಒಂದೊಂದಾಗಿ ಪಟ್ಟಿಗೆ ಹಾಕಿಸಿ, ಉಳಿದವಕ್ಕೆ ಒಟ್ಟು ಮೊತ್ತ ಬರೆಸುವುದು ಒಳ್ಳೆಯದು.

ಪಟ್ಟಿಯಲ್ಲಿ ತಯಾರಕರು, ಮಾಡೆಲ್, ಬೋರ್ (ನಳಿಗೆಯ ಒಳ ಅಳತೆ), ನಳಿಗೆಯ ಉದ್ದ, ಸೀರಿಯಲ್ ನಂಬರ್ ಎಲ್ಲರೂ ಬರೆಯುತ್ತಾರೆ. ಬೆಲೆ ನಿಂತಿರುವುದು ಅದರ ಮುಂದಿನ ವಿವರಗಳ ಮೇಲೆ: ಕಾರ್ಖಾನೆಯ ಬ್ಲೂಯಿಂಗ್ (ಉಕ್ಕಿನ ಮೈಗೆ ಕೊಟ್ಟ ನೀಲಿಗಪ್ಪು ಮೆರುಗು) ನೂರಕ್ಕೆ ಎಷ್ಟು ಪಾಲು ಉಳಿದಿದೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ನಂಬರೂ ಅದು ಕೂರುವ ಚೌಕಟ್ಟಾದ ರಿಸೀವರಿನ ನಂಬರೂ ಒಂದೇಯೇ, ಬಲಪರೀಕ್ಷೆಯಲ್ಲಿ ಗೆದ್ದ ಕೋವಿಗೆ ಒತ್ತುವ ಪ್ರೂಫ್ ಮುದ್ರೆಗಳು ಮೊಂಡಾಗಿಲ್ಲವೇ, ಮೊದಲಿನ ಪೆಟ್ಟಿಗೆ ಇದೆಯೇ. ಗುರಿ ಹಿಡಿಯುವ ದುರ್ಬೀನಾದ ಸ್ಕೋಪಿಗೆ ಪಟ್ಟಿಯಲ್ಲಿ ಬೇರೆಯೇ ಸಾಲು ಬೇಕು. ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ, ಈಗಿರುವ ಗೀರುಗಳನ್ನೂ ಬಿಡದೆ. ನಂಬರಿನ ಫೋಟೊಗೆ ಫ್ಲ್ಯಾಷ್ ಬೇಡ. ಉಕ್ಕು ಬೆಳ್ಳಗೆ ಹೊಳೆದು ಅಂಕಿ ಮುಚ್ಚಿಹೋಗುತ್ತದೆ. ಟಾರ್ಚನ್ನು ಲೋಹದ ಮೈಗೆ ತೀರಾ ಓರೆಯಾಗಿ ಹಿಡಿದರೆ ಅಂಕಿಯ ತಗ್ಗಿನ ಒಂದು ಅಂಚಿಗೆ ನೆರಳು ಬೀಳುತ್ತದೆ, ಸವೆದದ್ದು 3 ಇದ್ದೀತೋ 8 ಇದ್ದೀತೋ ಎಂಬ ಗೊಂದಲ ಉಳಿಯುವುದಿಲ್ಲ. ಪಟ್ಟಿಯ ಒಂದು ಪ್ರತಿ ಮನೆಯಾಚೆ ಭದ್ರವಾಗಿರಲಿ. ಸೇಫಿನಲ್ಲೇ ಇಟ್ಟರೆ ಕೋವಿಯ ಜೊತೆ ಅದೂ ಹೋಗುತ್ತದೆ.

ಬೆಲೆ ಕಟ್ಟಿಸಲು ಕೋವಿಯನ್ನು ಕೊಳ್ಳುವ ಆಸೆಯಿಲ್ಲದ ತಜ್ಞರೇ ಬೇಕು. ಮೂರು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ ಮಾಡಿಸಿ, ಯಾಕೆಂದರೆ ಮಾರುಕಟ್ಟೆ ಏರಿದರೂ ಒಪ್ಪಿತ ಮೊತ್ತ ತಾನಾಗಿ ಏರದು. ಬೆಲೆ ಕಟ್ಟಿಸುವ ಮುಂಚೆ ಚೆಂದ ಕಾಣಲೆಂದು ಮತ್ತೆ ಬ್ಲೂಯಿಂಗ್ ಮಾಡಿಸುವ ತಪ್ಪು ದಯವಿಟ್ಟು ಬೇಡ. ಪಾಲಿಷ್ ಚಕ್ರಕ್ಕೆ ಕೊಟ್ಟಾಗ ಮುದ್ರೆಯ ಅಂಚುಗಳು ಸವೆಯುತ್ತವೆ, ಮೂಲ ಮೈ ಹೋಗುತ್ತದೆ, ಅದರ ಜೊತೆಗೆ ಸಂಗ್ರಾಹಕರು ಕೊಡುವ ಬೆಲೆಯ ದೊಡ್ಡ ಪಾಲೂ ಹೋಗುತ್ತದೆ.

ಒಪ್ಪಿತ ಮೌಲ್ಯ ಪೂರ್ತಿಯಾಗಿ ಸಿಗುವುದು ಪೂರ್ತಿ ನಷ್ಟಕ್ಕೆ. ಭಾಗಶಃ ಹಾನಿಗೆ ರಿಪೇರಿ ಖರ್ಚು ಬರುತ್ತದೆ. ರಿಪೇರಿಯಾದ ಮೇಲೂ ಬೆಲೆ ಕುಸಿದರೆ ಆ ಕುಸಿತವನ್ನು ತುಂಬುತ್ತಾರೆಯೇ ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ಬೆಂಕಿಯಲ್ಲಿ ಹೆಚ್ಚು ಜಗಳವಾಗುವುದು ಇಲ್ಲೇ. ಅಗ್ನಿನಿರೋಧಕ ಸೇಫುಗಳ ಗೋಡೆಯಲ್ಲಿ ಸಾಮಾನ್ಯವಾಗಿ ಜಿಪ್ಸಮ್ ಹಲಗೆ ಇರುತ್ತದೆ. ಕಾದಾಗ ಅದು ತನ್ನೊಳಗಿನ ನೀರನ್ನು ಹಬೆಯಾಗಿ ಬಿಡುತ್ತದೆ. ಶಾಖ ತಡೆಯುವುದು ಹಾಗೆ. ಅದೇ ಹಬೆ ಒಳಗಿನ ಉಕ್ಕಿಗೆ ತಗುಲಿ, ಸುಡದೆ ಉಳಿದ ಕೋವಿಗೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಸುತ್ತದೆ. ಬಿಸಿ ಸೇಫನ್ನು ತೆರೆಯಬೇಡಿ, ಗಾಳಿ ನುಗ್ಗಿ ಒಳಗಿನದು ಹೊತ್ತಿಕೊಳ್ಳಬಹುದು. ಪೂರ್ತಿ ಆರಿದ ಮೇಲೆ ತೆರೆದು, ಮೊದಲು ಫೋಟೊ ತೆಗೆದು, ತೇವ ಒರೆಸಿ, ಎಣ್ಣೆ ಸವರಿ, ಅಂದೇ ಕಂಪನಿಗೆ ತಿಳಿಸಿ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಹೊಣೆ. ಉಜ್ಜಿ ಹೊಳಪು ಕೊಡುವುದು ಆ ಹೊಣೆಯಲ್ಲಿ ಸೇರಿಲ್ಲ. ಬಿಸಿಯುಂಡ ಸ್ಪ್ರಿಂಗು ಹದ ಕಳೆದುಕೊಂಡಿರಬಹುದು, ಹಾಗಾಗಿ ನುರಿತವರು ಪರೀಕ್ಷಿಸುವ ತನಕ ಆ ಕೋವಿಯಿಂದ ಗುಂಡು ಹಾರಿಸಲೇಬಾರದು.

ನಿಧಾನವಾಗಿ ಹತ್ತಿದ ತುಕ್ಕು, ಮರದ ಬಿರುಕು, ಹುಳದ ಕಾಟ ಇವಕ್ಕೆ ಸಾಮಾನ್ಯವಾಗಿ ವಿಮೆ ಇಲ್ಲ. ಸೇಫಿನೊಳಗಿನ ಸಾಪೇಕ್ಷ ಆರ್ದ್ರತೆ 45ರಿಂದ 50% ಇದ್ದರೆ ಉಕ್ಕಿಗೂ ಮರಕ್ಕೂ ಕ್ಷೇಮ. ಚರ್ಮದ ಚೀಲ, ಫೋಮ್ ಹಾಸಿದ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ; ಎರಡೂ ತೇವ ಹಿಡಿದಿಡುತ್ತವೆ. ಲೈಸೆನ್ಸ್ ಅವಧಿ ಮುಗಿದಿದ್ದರೆ, ಪಾಲಿಸಿ ಹೇಳಿದಂತೆ ಬೀಗ ಹಾಕಿರದಿದ್ದರೆ ಕ್ಲೇಮು ತಿರಸ್ಕೃತವಾಗಬಹುದು.

ಕಳವಾದರೆ ಸೀರಿಯಲ್ ನಂಬರಿನ ಸಮೇತ ಪೊಲೀಸರಿಗೆ ದೂರು ಕೊಡುವುದು ಮೊದಲ ಕೆಲಸ. ಹಣ ಕೈಸೇರಿದ ಮೇಲೆ ಕೋವಿ ಪತ್ತೆಯಾದರೆ ಅದು ಸಾಮಾನ್ಯವಾಗಿ ಕಂಪನಿಯ ಸ್ವತ್ತು. ತಂದೆಯಿಂದ ಬಂದ ಕೋವಿಯಾಗಿದ್ದರೆ ಇದು ಬಹಳ ನೋವಿನ ಸಂಗತಿ. ಪಡೆದ ಮೊತ್ತ ಹಿಂತಿರುಗಿಸಿ ಕೋವಿಯನ್ನು ಮರಳಿ ಪಡೆಯುವ ಹಕ್ಕು ನಿಮಗಿರಬೇಕು, ಕಂಪನಿ ಅದನ್ನು ಬೇರೆಯವರಿಗೆ ಮಾರುವ ಮುಂಚೆ ಇಷ್ಟು ದಿನದ ನೋಟಿಸು ಕೊಡಬೇಕು ಎಂದು ಪಾಲಿಸಿಯಲ್ಲೇ ಬರೆಸಿಕೊಳ್ಳಿ.