ಟ್ರಂಕಿನೊಳಗಿನ ಹಾಳೆಗಳು

ಪ್ರತಿ ಗುರುವಾರ ಸಂಜೆ ನಾಲ್ಕೂವರೆಗೆ ಆ ಓಣಿಗೆ ಹೋದಾಗ ನಾನು ಮೊದಲು ಮಾಡುವ ಕೆಲಸ ಟ್ರಂಕಿನ ಬೀಗ ತೆಗೆಯುವುದು. ಹಳೇ ತಗಡಿನ ಟ್ರಂಕು, ಮುಂಚೆ ಹಾಸ್ಟೆಲ್‌ಗೆ ಹೋಗುವ ಹುಡುಗರು ಒಯ್ಯುತ್ತಿದ್ದರಲ್ಲ, ಅಂಥದ್ದು. ಅದರೊಳಗೆ 11 ಫೈಲುಗಳಿವೆ. ಒಂದೊಂದರ ಮೇಲೂ ಒಂದು ಗುರುತು: ಒಬ್ಬಳದು ಚಿಟ್ಟೆ, ಒಬ್ಬನದು ಬಸ್ಸು, ಇನ್ನೊಬ್ಬನದು ಬರೀ ಒಂದು ಕೆಂಪು ಗೆರೆ. ಹೆಸರು ಬರೆಯಲು ಬರದ ಮಕ್ಕಳೂ ಇದ್ದಾರೆ, ಅದಕ್ಕೇ ಈ ಗುರುತು. ಬೀಗ ತೆಗೆದದ್ದೇ ತಡ, ಎಲ್ಲರೂ ತಮ್ಮ ತಮ್ಮ ಫೈಲ್ ಎತ್ತಿಕೊಂಡು ಹೋದ ವಾರದ ಹಾಳೆ ಇದೆಯಾ ಅಂತ ನೋಡುತ್ತಾರೆ. ಎರಡು ವರ್ಷದಿಂದ ಬರುತ್ತಿರುವ ಚಿಟ್ಟೆ ಗುರುತಿನ ಹುಡುಗಿ ಈಗಲೂ ನೋಡುತ್ತಾಳೆ. ಇದ್ದೇ ಇರುತ್ತದೆ ಅಂತ ಅವಳಿಗೆ ಗೊತ್ತು, ಆದರೂ ನೋಡುತ್ತಾಳೆ.

ನಾನು ಆರ್ಟ್ ಥೆರಪಿಸ್ಟ್, ಅಂದರೆ ಚಿತ್ರ, ಮಣ್ಣಿನ ಕೆಲಸದ ಮೂಲಕ ಮನಸ್ಸಿಗೆ ಚಿಕಿತ್ಸೆ ಮಾಡುವವಳು. ಬೆಂಗಳೂರಿನ ಹಳೇ ಪೇಟೆ ಕಡೆಯ ಒಂದು ಓಣಿಯಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಯಾವ ಓಣಿ ಅಂತ ಹೇಳುವುದಿಲ್ಲ, ಮಕ್ಕಳ ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅಪ್ಪಂದಿರು ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾರೆ, ಆಟೊ ಓಡಿಸುತ್ತಾರೆ. ಅಮ್ಮಂದಿರು ಮನೆಗೆಲಸಕ್ಕೆ ಹೋಗುತ್ತಾರೆ, ಹೂ ಕಟ್ಟುತ್ತಾರೆ, ಊದುಬತ್ತಿ ಹೊಸೆಯುತ್ತಾರೆ. ಕನ್ನಡ, ತಮಿಳು, ತೆಲುಗು, ದಖನಿ ಉರ್ದು ಎಲ್ಲ ಒಂದೇ ನಲ್ಲಿಯ ಹತ್ತಿರ ಕೇಳಿಸುತ್ತವೆ. ಮನೆ ಅಂದರೆ 10 ಅಡಿಗೆ 10 ಅಡಿಯ ಒಂದು ಕೋಣೆ, ಅದರಲ್ಲಿ ಐದಾರು ಜನ. ಅಲ್ಲಿ ಮಗುವಿಗೆ ತನ್ನದು ಅನ್ನುವ ಒಂದು ಗೂಡೂ ಇರುವುದಿಲ್ಲ. ಬರೆದ ಹಾಳೆ ಬೆಳಿಗ್ಗೆ ಹೊತ್ತಿಗೆ ತಮ್ಮನ ಮೂಗು ಒರೆಸಲು ಹೋಗಿರುತ್ತದೆ, ಇಲ್ಲಾ ಒಲೆಯ ಹತ್ತಿರ ಎಣ್ಣೆ ಪಾತ್ರೆಯ ಕೆಳಗೆ ಸೇರಿರುತ್ತದೆ. ಯಾರ ತಪ್ಪೂ ಅಲ್ಲ, ಜಾಗವೇ ಇಲ್ಲ. ಹೀಗಿರುವಾಗ ತಾನು ಮಾಡಿದ್ದೊಂದು ವಸ್ತು ಯಾರೂ ಮುಟ್ಟದ ಹಾಗೆ ಬೀಗದೊಳಗೆ ಇದೆ, ಮುಂದಿನ ಗುರುವಾರವೂ ಹಾಗೇ ಇರುತ್ತದೆ ಅನ್ನುವುದು ಆ ಮಗುವಿಗೆ ದೊಡ್ಡ ವಿಷಯ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಖಾತ್ರಿಯಾಗಿರುವ ಸಂಗತಿ ಇದು: ನಮ್ಮ ಚಿಕಿತ್ಸೆಯ ಅರ್ಧ ಭಾಗ ಈ ಎತ್ತಿಡುವುದರಲ್ಲೇ ಇದೆ.

ಆದರೆ ಜನ ನನ್ನನ್ನು ಕೇಳುವುದು ಬೇರೆ. "ಮಕ್ಕಳ ಚಿತ್ರ ನೋಡಿ ಮನಸ್ಸಿನಲ್ಲಿ ಏನಿದೆ ಅಂತ ಹೇಳಿಬಿಡ್ತೀರಂತೆ, ಹೌದಾ?" ಇಲ್ಲ. ಕೈ ನೋಡಿ ಭವಿಷ್ಯ ಹೇಳಿದ ಹಾಗೆ ಚಿತ್ರ ನೋಡಿ ಮನಸ್ಸು ಹೇಳಲು ಆಗುವುದಿಲ್ಲ. ಒಬ್ಬ ಹುಡುಗಿ ಮೂರು ವಾರ ಎಲ್ಲವನ್ನೂ ಕಪ್ಪು ಬಣ್ಣದಲ್ಲೇ ಬರೆದಳು. ಮರ ಕಪ್ಪು, ಅಮ್ಮ ಕಪ್ಪು, ಸೂರ್ಯನೂ ಕಪ್ಪು. ಹೊಸದಾಗಿ ಬಂದಿದ್ದ ನಮ್ಮ ಕಾರ್ಯಕರ್ತೆಗೆ ಗಾಬರಿ. ಮನೆಯಲ್ಲಿ ಏನೋ ಆಗಿದೆ ಮೇಡಂ ಅಂದಳು. ನಾಲ್ಕನೇ ವಾರ ಆ ಹುಡುಗಿಯೇ ಪಕ್ಕದವಳಿಗೆ ಹೇಳುತ್ತಿದ್ದಳು, ಕಪ್ಪು ತಗೋ, ಅದೊಂದೇ ಚೆನ್ನಾಗಿ ಹತ್ತುತ್ತೆ, ಮಿಕ್ಕಿದ್ದೆಲ್ಲ ಜಾರುತ್ತೆ ಅಂತ. ನಾವು ತಂದಿದ್ದ ಅಗ್ಗದ ಕ್ರೆಯಾನ್‌ಗಳಲ್ಲಿ ಮೇಣವೇ ಜಾಸ್ತಿ, ಬಣ್ಣ ಕಮ್ಮಿ ಇತ್ತು! ಕ್ರೆಯಾನ್ ಬದಲಿಸಿದೆವು.

ಹಾಗಂತ ಚಿತ್ರದಲ್ಲಿ ಏನೂ ಇರುವುದಿಲ್ಲ ಅಂತಲ್ಲ. ಇರುತ್ತದೆ, ತುಂಬಾ ಇರುತ್ತದೆ, ಆದರೆ ಅದನ್ನು ಯಾವಾಗ, ಯಾರಿಗೆ, ಎಷ್ಟು ಹೇಳಬೇಕು ಅನ್ನುವುದು ಮಗುವಿಗೆ ಬಿಟ್ಟದ್ದು. ಅದಕ್ಕೇ "ಇದೇನು ಪುಟ್ಟಾ?" ಅಂತ ನಾವು ಕೇಳುವುದಿಲ್ಲ. ಕಂಡದ್ದನ್ನಷ್ಟೇ ಹೇಳುತ್ತೇವೆ. ಇಲ್ಲಿ ತುಂಬಾ ಒತ್ತಿ ಬರೆದಿದ್ದೀಯ. ಈ ಮೂಲೆ ಖಾಲಿ ಬಿಟ್ಟಿದ್ದೀಯ. ಅಷ್ಟೇ. ಮಾತು ಬರುವುದಿದ್ದರೆ ಆಮೇಲೆ ತಾನಾಗೇ ಬರುತ್ತದೆ, ಎಷ್ಟೋ ಸಲ ಬ್ರಷ್ ತೊಳೆಯುವಾಗ, ನಮ್ಮ ಮುಖ ನೋಡದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲಸ ಶುರು ಮಾಡಿದ ಮೊದಲ ವರ್ಷ ಒಬ್ಬ ಹುಡುಗ ತನ್ನ ಮನೆಯ ಚಿತ್ರ ಬಿಡಿಸಿದ್ದ. ಎಷ್ಟು ಚೆಂದ ಇತ್ತು ಅಂದರೆ, ನಾನು ಖುಷಿಯಿಂದ ಅದನ್ನು ಅವನ ಅಮ್ಮನಿಗೆ ತೋರಿಸಿದೆ, ನೋಡಿ ನಿಮ್ಮ ಮಗ ಹೇಗೆ ಬರೆಯುತ್ತಾನೆ ಅಂತ. ಚಿತ್ರದಲ್ಲಿ ಅಪ್ಪ ಮಲಗಿದ್ದ, ಪಕ್ಕದಲ್ಲಿ ಬಾಟಲಿ ಇತ್ತು. ನನಗೆ ಕಂಡಿದ್ದು ಗೆರೆ, ಅಮ್ಮನಿಗೆ ಕಂಡಿದ್ದು ಮಾನ. ಅವತ್ತು ರಾತ್ರಿ ಅವನಿಗೆ ಹೊಡೆತ ಬಿತ್ತು. ಮುಂದಿನ ವಾರ ಬಂದ, ಹಾಳೆ ತುಂಬಾ ಬರೀ ರಾಷ್ಟ್ರಧ್ವಜ ಬರೆದ. ಅದರ ಮುಂದಿನ ವಾರವೂ ಧ್ವಜ. ಮತ್ತೆ ಮನೆ ಬರೆಯಲು ಅವನಿಗೆ ಎಂಟು ತಿಂಗಳು ಬೇಕಾಯಿತು. ನಾನು ಕ್ಷಮೆ ಕೇಳಿದೆ, ಅವನು ಸುಮ್ಮನೆ ತಲೆ ಆಡಿಸಿದ. ಟ್ರಂಕು ಮತ್ತು ಬೀಗ ತಂದದ್ದು ಆ ಮೇಲೆ. ಮಗು ಒಪ್ಪದೆ ಯಾವ ಹಾಳೆಯೂ ಹೊರಗೆ ಹೋಗುವುದಿಲ್ಲ. ಫೋನಿನಲ್ಲಿ ಫೋಟೊ ತೆಗೆಯುವುದಂತೂ ಇಲ್ಲವೇ ಇಲ್ಲ.

ಎತ್ತಿಡುವುದರ ಬಗ್ಗೆ ಹೇಳುವಾಗ ನಾನು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರನ್ನು ನೆನೆಯದೆ ಇರಲಾರೆ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಕಲಾವಿದೆ. 1942ರಲ್ಲಿ ನಾಜಿಗಳು ಅವರನ್ನು ಇಂದಿನ ಚೆಕ್ ಗಣರಾಜ್ಯದಲ್ಲಿರುವ ಟೆರೆಜಿನ್ ಎಂಬ ಬಂಧನ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಕೂಡಿಹಾಕಿದ್ದ ಯಹೂದಿ ಮಕ್ಕಳಿಗೆ ಅವರು ಚಿತ್ರ ಕಲಿಸಿದರು. ಸಿಕ್ಕ ಸಿಕ್ಕ ಕಾಗದ, ಹಳೇ ಫಾರಂಗಳ ಹಿಂಬದಿ, ಯಾವುದಾದರೂ ಸರಿ. ಮಕ್ಕಳಿಗೆ ಅಲ್ಲಿ ನಂಬರ್ ಇತ್ತು, ಚಿತ್ರದ ಮೇಲೆ ಮಾತ್ರ ಅವರು ಹೆಸರು ಬರೆಸುತ್ತಿದ್ದರು. 1944ರ ಅಕ್ಟೋಬರ್‌ನಲ್ಲಿ ಅವರನ್ನು ಆಶ್ವಿಟ್ಸ್ ಎಂಬ ನಾಜಿಗಳ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಆದರೆ ಸುಮಾರು 4,500 ಚಿತ್ರಗಳು ಎರಡು ಸೂಟ್‌ಕೇಸುಗಳಲ್ಲಿ ಉಳಿದವು, ಈಗ ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಆ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಹಾಳೆಯ ಮೇಲಿನ ಹೆಸರು ಉಳಿಯಿತು.

ಟೆರೆಜಿನ್‌ಗೂ ಮೊದಲು ಪ್ರಾಗ್‌ನಲ್ಲಿ ಫ್ರೀಡ್ಲ್ ಅವರ ಜೊತೆ ನಿರಾಶ್ರಿತ ಮಕ್ಕಳಿಗೆ ಕಲಿಸುತ್ತಿದ್ದ ಶಿಷ್ಯೆ ಎಡಿತ್ ಕ್ರೇಮರ್ 1938ರಲ್ಲಿ ನ್ಯೂಯಾರ್ಕ್‌ಗೆ ಪಾರಾದರು. 1950ರ ದಶಕದಲ್ಲಿ ವಿಲ್ಟ್‌ವಿಕ್ ಎಂಬ ವಸತಿ ಶಾಲೆಯಲ್ಲಿ ಹಾರ್ಲೆಮ್‌ನಂಥ ಬಡ ಕೇರಿಗಳಿಂದ ಬಂದ ಹುಡುಗರ ಜೊತೆ ಕೆಲಸ ಮಾಡಿದರು. ಕಳ್ಳತನ, ಜಗಳ ಅಂತ ಊರು ಕೈಬಿಟ್ಟ ಹುಡುಗರು. ನಾನು ದಿನಾ ಬಳಸುವ ಒಂದು ಮಾತು ಅವರದೇ: ಮೂರನೇ ಕೈ. ಮಗುವಿನ ಎರಡು ಕೈಗಳ ಜೊತೆ ಥೆರಪಿಸ್ಟ್ ಮೂರನೇ ಕೈಯಾಗಬೇಕು, ಆದರೆ ಚಿತ್ರ ಮಗುವಿನದೇ ಆಗಿರಬೇಕು. ಒಬ್ಬಳು ಜೇಡಿಮಣ್ಣಿನಲ್ಲಿ ಹಸು ಮಾಡುತ್ತಿದ್ದಳು. ಕಾಲು ನಿಲ್ಲುತ್ತಿಲ್ಲ, ಹಸು ಪದೇ ಪದೇ ಕೂತುಬಿಡುತ್ತದೆ, ಅವಳ ಗಂಟಲು ಬಿಗಿಯುತ್ತಿದೆ, ಇನ್ನೇನು ಕಿತ್ತು ಎಸೆಯುತ್ತಾಳೆ. ಆಗ ನಾನು ಹಸು ಮಾಡಿಕೊಟ್ಟರೆ ಅದು ನನ್ನ ಹಸು. ಸುಮ್ನೆ ನಾಲ್ಕು ಕಡ್ಡಿ ಅವಳ ಮುಂದೆ ಇಟ್ಟೆ. ಅವಳೇ ಒಂದೊಂದು ಕಾಲಿನೊಳಗೆ ತೂರಿಸಿದಳು.

ಮಣ್ಣನ್ನು ಪಾಟರಿ ಟೌನ್‌ನಿಂದ ತರುತ್ತೇವೆ, ಗಣೇಶ ಮಾಡುವ ಅದೇ ಮಣ್ಣು. ಯಾವ ಮಗುವಿಗೆ ಯಾವ ಸಾಮಾನು ಅನ್ನುವುದರಲ್ಲಿ ನಮ್ಮ ಕೆಲಸದ ದೊಡ್ಡ ಭಾಗ ಇದೆ. ಪೆನ್ಸಿಲ್, ಕ್ರೆಯಾನ್ ನಮ್ಮ ಮಾತು ಕೇಳುತ್ತವೆ. ನೀರಿನ ಬಣ್ಣ ಕೇಳುವುದಿಲ್ಲ, ಎಲ್ಲಿ ಬೇಕೋ ಅಲ್ಲಿ ಹರಿಯುತ್ತದೆ. ನಿನ್ನೆ ರಾತ್ರಿ ಮನೆಯಲ್ಲಿ ದೊಡ್ಡ ಗಲಾಟೆ ನೋಡಿ ಬಂದ ಮಗುವಿನ ಕೈಗೆ ಬಣ್ಣದ ಬಟ್ಟಲು ಕೊಟ್ಟರೆ ಅದರ ಒಳಗಿನದೆಲ್ಲ ಒಮ್ಮೆಗೇ ಹೊರಗೆ ನುಗ್ಗಬಹುದು, ಒಂದೂವರೆ ಗಂಟೆಯಲ್ಲಿ ನಾವು ಅದನ್ನು ಮತ್ತೆ ಕೂಡಿಸಿ ಮನೆಗೆ ಕಳಿಸಬೇಕಲ್ವಾ? ಅಂಥ ದಿನ ಕತ್ತರಿ, ಗೋಂದು, ಹಳೇ ಮ್ಯಾಗಜೀನು. ಕತ್ತರಿಸು, ಅಂಟಿಸು, ಅಂಚು ಹಾಕು. ಇನ್ನು ತುಂಬಾ ಬಿಗಿಯಾಗಿ ಇರುವ, ಸ್ಕೇಲ್ ಇಲ್ಲದೆ ಗೆರೆ ಎಳೆಯದ ಮಗುವಿಗೆ ನಿಧಾನವಾಗಿ ಮಣ್ಣು, ಆಮೇಲೆ ಬಣ್ಣ. ನೀರನ್ನು ನಾವೇ 20 ಲೀಟರಿನ ಎರಡು ಕ್ಯಾನಿನಲ್ಲಿ ಒಯ್ಯುತ್ತೇವೆ. ಬಿಂದಿಗೆ ಲೆಕ್ಕದಲ್ಲಿ ನೀರು ಹಿಡಿಯುವ ಓಣಿಯಲ್ಲಿ ಬ್ರಷ್ ತೊಳೆಯಲು ನೀರು ಕೇಳುವುದು ಸರಿಯಲ್ಲ.

ಹಾಳೆಯ ವಿಷಯವೂ ಹಾಗೇ. ಮೊದಲೆಲ್ಲ ಆಫೀಸುಗಳಿಂದ ಒಂದು ಬದಿ ಪ್ರಿಂಟ್ ಆದ ಕಾಗದ ತರುತ್ತಿದ್ದೆವು, ದುಡ್ಡು ಉಳಿಯಲಿ ಅಂತ. ಕೆಲವು ಮಕ್ಕಳ ಮನೆಯವರು ರದ್ದಿ ಆಯುತ್ತಾರೆ. ಒಬ್ಬ ಹಾಳೆ ತಿರುಗಿಸಿ ನೋಡಿ, "ಇದು ರದ್ದಿ ಅಕ್ಕಾ, ಕೇಜಿ ಲೆಕ್ಕದಲ್ಲಿ ಹೋಗುತ್ತೆ" ಅಂದ. ದೂರು ಹೇಳಿದ್ದಲ್ಲ, ತನಗೆ ಗೊತ್ತಿದ್ದದ್ದನ್ನು ಹೇಳಿದ. ಅವತ್ತಿನಿಂದ ಹೊಸ ಡ್ರಾಯಿಂಗ್ ಹಾಳೆಯೇ. ಬೇರೆ ಖರ್ಚು ಕಮ್ಮಿ ಮಾಡುತ್ತೇವೆ, ಇದನ್ನು ಮಾಡುವುದಿಲ್ಲ.

ಬಸ್ಸಿನ ಗುರುತಿನ ಹುಡುಗನ ಬಗ್ಗೆ ಹೇಳಬೇಕು. ರಾಜಕಾಲುವೆ ಪಕ್ಕದ ಒಂದು ಸಾಲು ಮನೆ ಕೆಡವಿದಾಗ ಅವನ ಮನೆಯೂ ಹೋಯಿತು. ಅಜ್ಜಿಯ ಕೋಣೆಯಲ್ಲಿ ಎಂಟು ಜನ ಸೇರಿಕೊಂಡರು. ಅವನು ಜೆಸಿಬಿ ಬರೆಯಲು ಶುರು ಮಾಡಿದ. ವಾರ ವಾರವೂ ಅದೇ ಜೆಸಿಬಿ, ಅದೇ ಹಳದಿ, ಅದೇ ಎತ್ತಿದ ಕೈ, ಕೆಳಗೆ ಅದೇ ಮನೆ. ಹೆದರಿದ ಮಕ್ಕಳು ಒಂದೇ ಆಟವನ್ನು ಮತ್ತೆ ಮತ್ತೆ ಆಡುವುದು ನಮಗೆ ಗೊತ್ತಿರುವ ಸಂಗತಿ. ಆಗ ನಾವು ನೋಡುವುದು ಒಂದನ್ನೇ: ಏನಾದರೂ ಬದಲಾಗುತ್ತಿದೆಯಾ? ಸಣ್ಣದೇ ಆಗಲಿ. ಬದಲಾಗುತ್ತಿದ್ದರೆ ಮಗು ಅದನ್ನು ಅರಗಿಸಿಕೊಳ್ಳುತ್ತಿದೆ. ಏನೂ ಬದಲಾಗದೆ ಉಸಿರು ಬಿಗಿ ಹಿಡಿದು ಅದನ್ನೇ ಬರೆಯುತ್ತಿದ್ದರೆ ಸಿಕ್ಕಿಕೊಂಡಿದೆ, ಆಗ ನಾವು ಕೈ ಕೊಡಬೇಕು, ಬೇಕಾದರೆ ನಿಮ್ಹಾನ್ಸ್‌ನಂಥ ಕಡೆ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಇವನದು ಆರು ವಾರ ಒಂದಿಷ್ಟೂ ಬದಲಾಗಲಿಲ್ಲ. ಏಳನೇ ವಾರ ಹಾಳೆಯ ಪಕ್ಕ ರಟ್ಟಿನ ಡಬ್ಬ, ಮಣ್ಣು ಇಟ್ಟೆ. ಅವನು ಡಬ್ಬದಲ್ಲಿ ಜೆಸಿಬಿ ಮಾಡಿದ. ಆಮೇಲೆ ಡ್ರೈವರ್ ಬಂದ. ಅದರ ಮುಂದಿನ ವಾರ ಮಣ್ಣಿನಲ್ಲಿ ಒಂದು ಕೀಲಿ ಮಾಡಿ, ಡ್ರೈವರ್ ಕೈಗೆ ಕೊಡದೆ ತನ್ನ ಫೈಲಿನೊಳಗೆ ಇಟ್ಟು, ಫೈಲನ್ನು ಟ್ರಂಕಿನೊಳಗೆ ಇಟ್ಟ. ಬೀಗ ಹಾಕುವುದನ್ನು ನಿಂತು ನೋಡಿದ. ನಾನು ಏನೂ ಕೇಳಲಿಲ್ಲ. ಅಜ್ಜಿ ಹೇಳಿದರು, ಈಗ ರಾತ್ರಿ ಎದ್ದು ಕೂರುವುದು ಕಮ್ಮಿಯಾಗಿದೆ ಅಂತ.

ಆಸ್ಪತ್ರೆಯ ಕೋಣೆಯಲ್ಲಿ ಇದೇ ಕೆಲಸ ಮಾಡಬಹುದಿತ್ತು. ಆದರೆ ಆ ಹುಡುಗ ಅಲ್ಲಿಗೆ ಬರುತ್ತಿರಲಿಲ್ಲ, ಒಂದು ದಿನದ ಕೂಲಿ ಬಿಟ್ಟು ಎರಡು ಬಸ್ ಬದಲಿಸಿ ಯಾರು ಕರೆತರುತ್ತಾರೆ? ಓಣಿಯಲ್ಲೇ ಕೂತದ್ದರಿಂದ ಇನ್ನೊಂದು ಲಾಭವೂ ಆಗಿದೆ. ಬಾಗಿಲ ಹತ್ತಿರ ಒಬ್ಬರು ಅತ್ತೆ ಹೂ ಕಟ್ಟುತ್ತಾ ಕೂರುತ್ತಾರೆ. ಮಕ್ಕಳಿಗೆಲ್ಲ ಅವರು ಅತ್ತೆಯೇ. ಅವರಿಗೆ ನಾವು ಏನೂ ಕಲಿಸಿಲ್ಲ, ಆದರೆ ಯಾರಾದರೂ ಅತ್ತರೆ "ಅಳಬೇಡ" ಅನ್ನದೆ ಬಾಳೆ ನಾರಿನ ಒಂದು ತುದಿ ಹಿಡಿಯಲು ಕೊಡುತ್ತಾರೆ. ಯಾದಗಿರಿ ಕಡೆಯ ಒಬ್ಬ ಅಜ್ಜಿ ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಾರೆ. ಮಕ್ಕಳು ಒಂದೊಂದು ತುಂಡು ಬಟ್ಟೆ ತಂದು ಕೊಟ್ಟು, ಅಜ್ಜಿಯ ಜೊತೆ ಹೊಲಿದ ಕೌದಿಯೇ ಈಗ ನಮ್ಮ ಹಾಸು. ನಾನು ವಾರಕ್ಕೆ ಒಂದೂವರೆ ಗಂಟೆ ಇರುತ್ತೇನೆ. ಉಳಿದ ಅಷ್ಟೂ ಹೊತ್ತು ಇವರೇ ಇರುತ್ತಾರೆ.

ಗುಟ್ಟು ಕಾಯುವುದಕ್ಕೂ ಒಂದು ಮಿತಿ ಇದೆ, ಅದನ್ನು ಮಕ್ಕಳಿಗೆ ಮೊದಲ ದಿನವೇ ಹೇಳುತ್ತೇವೆ. ನೀನು ಹೇಳಿದ್ದು ಇಲ್ಲೇ ಇರುತ್ತದೆ, ಆದರೆ ಯಾರಾದರೂ ನಿನಗೆ ನೋವು ಮಾಡುತ್ತಿದ್ದರೆ ನಾನು ಸುಮ್ಮನಿರುವುದಿಲ್ಲ ಅಂತ. 2012ರ ಪೋಕ್ಸೊ ಕಾಯ್ದೆಯಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೂ ಅಪರಾಧ. ಹಾಗಂತ ಒಂದು ಚಿತ್ರ ನೋಡಿ ಮಗುವನ್ನು ಕೂರಿಸಿಕೊಂಡು ಅವನು ಮುಟ್ಟಿದನಾ, ಇಲ್ಲಿ ಮುಟ್ಟಿದನಾ ಅಂತ ಕೆದಕಬೇಡಿ. ನಿಮ್ಮ ಮಾತು ಮಗುವಿನ ಬಾಯಿಗೆ ಹೋಗುತ್ತದೆ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ನೀನು ಹೇಳಿದ್ದು ಒಳ್ಳೇದಾಯಿತು ಅನ್ನಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕೆಲವು ಸಲ ಕಂಪನಿಗಳವರು ಬರುತ್ತಾರೆ. ಒಂದು ದಿನದ ಕಾರ್ಯಕ್ರಮ, ಎಲ್ಲರಿಗೂ ಟೀಶರ್ಟು, ಗೋಡೆಗೆ ಬಣ್ಣ, ಗುಂಪು ಫೋಟೊ. ಗೋಡೆ ಚೆಂದ ಆಗುತ್ತದೆ, ಮಕ್ಕಳು ಕುಣಿಯುತ್ತಾರೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮಕ್ಕಳ ಹಾಳೆಗಳನ್ನು ಪ್ರದರ್ಶನಕ್ಕೆ ಕೇಳಿದಾಗ ಇಲ್ಲ ಅನ್ನುತ್ತೇನೆ. ಇದರಿಂದ ಒಂದೆರಡು ಕಡೆ ಸಹಾಯ ನಿಂತಿದೆ. ನಿಲ್ಲಲಿ. ಸಹಾಯ ಮಾಡುವ ಮನಸ್ಸಿದ್ದವರಿಗೆ ನಾನು ಹೇಳುವುದು, ಒಂದು ದಿನ ನೂರು ಜನ ಬರುವ ಬದಲು ಒಬ್ಬರು ವರ್ಷ ಪೂರ್ತಿ ಗುರುವಾರ ತಪ್ಪದೆ ಬನ್ನಿ. ಬರಲಾಗದ ವಾರವನ್ನು ಹಿಂದಿನ ವಾರವೇ ಮಕ್ಕಳಿಗೆ ಹೇಳಿ. ಹೇಳದೆ ಕೇಳದೆ ಮಾಯವಾದ ದೊಡ್ಡವರನ್ನು ಈ ಮಕ್ಕಳು ಈಗಾಗಲೇ ಸಾಕಷ್ಟು ನೋಡಿದ್ದಾರೆ.

ಮಕ್ಕಳೂ ಒಮ್ಮೊಮ್ಮೆ ಹೇಳದೆ ಹೋಗುತ್ತಾರೆ. ಬಾಡಿಗೆ ಏರಿತು, ಕೆಲಸ ಬೇರೆ ಕಡೆ ಸಿಕ್ಕಿತು, ಸಾಲ ಕೊಟ್ಟವರು ಬಂದರು, ರಾತ್ರೋರಾತ್ರಿ ಕೋಣೆ ಖಾಲಿ. ಬಸ್ಸಿನ ಗುರುತಿನ ಹುಡುಗನ ಮನೆಯವರೂ ಮಳೆಗಾಲದ ಹೊತ್ತಿಗೆ ಊರಿನ ಇನ್ನೊಂದು ತುದಿಗೆ ಹೋದರು. ಅವನ ಫೈಲ್ ಟ್ರಂಕಿನಲ್ಲೇ ಇದೆ. ಮಣ್ಣಿನ ಕೀಲಿ ಒಣಗಿ ಎರಡು ತುಂಡಾಗಿತ್ತು, ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಹೋದ ಗುರುವಾರ ಹೊಸದಾಗಿ ಸೇರಿದ ಹುಡುಗ ಆ ಫೈಲ್ ಎತ್ತಿಕೊಂಡು, "ಇದು ಯಾರದೂ ಅಲ್ವಾ ಅಕ್ಕಾ, ನಾನು ತಗೊಳ್ಳಾ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಚಿಟ್ಟೆ ಗುರುತಿನ ಹುಡುಗಿ ಅದನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. "ಅವನದು" ಅಂದಳು. ಮತ್ತೆ ಟ್ರಂಕಿನ ತಳದಲ್ಲಿ ಇಟ್ಟು, ಹೊಸ ಹುಡುಗನಿಗೆ ಒಂದು ಖಾಲಿ ಫೈಲ್ ಕೊಟ್ಟು, ನಿನ್ನ ಗುರುತು ಏನು ಅಂತ ಕೇಳಿದಳು.