ಮದುವೆಗೂ ಸರ್ಕಾರದ ಅನುಮತಿ: ರಾಯಭಾರಿ ಮುತ್ತಮ್ಮ ಪ್ರಶ್ನಿಸಿದ ನಿಯಮದ ಕಥೆ

ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಯಾರು? ಕೊಡಗಿನ ಸಿ.ಬಿ. ಮುತ್ತಮ್ಮ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಈ ಉತ್ತರ ಬಾಯಿಪಾಠ. ಆದರೆ 30 ವರ್ಷ ಸೇವೆ ಸಲ್ಲಿಸಿದ ಮೇಲೆ ಅವರು ತಮ್ಮದೇ ಇಲಾಖೆಯ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. ಅವರ ವೃತ್ತಿಜೀವನದ ತಿರುಳು ಇರುವುದೇ ಅಲ್ಲಿ ಎಂದು ನನ್ನ ಭಾವನೆ.

ಚೋಣಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರಲ್ಲಿ, ವಿರಾಜಪೇಟೆಯಲ್ಲಿ. ಕೊಡಗು ಆಗ ಮೈಸೂರಿಗೆ ಸೇರದ ಪ್ರತ್ಯೇಕ ಪ್ರಾಂತ್ಯ. ಅರಣ್ಯಾಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ಅವರಿಗೆ ಒಂಬತ್ತೇ ವರ್ಷ. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನಲ್ಲಿ ಕಾಲೇಜು, ಪ್ರೆಸಿಡೆನ್ಸಿ ಕಾಲೇಜಿನಿಂದ ಇಂಗ್ಲಿಷ್ ಎಂ.ಎ. 1948ರಲ್ಲಿ ಲೋಕಸೇವಾ ಪರೀಕ್ಷೆ ಪಾಸು ಮಾಡಿ, ಮರುವರ್ಷ ವಿದೇಶಾಂಗ ಸೇವೆಗೆ ಸೇರಿದರು.

ಸೇರುವುದು ಸಲೀಸಾಗಿರಲಿಲ್ಲ. ಸಂದರ್ಶನದಲ್ಲಿ ಆಯೋಗದ ಅಧ್ಯಕ್ಷರೇ 'ಈ ಸೇವೆ ಬೇಡ' ಎಂದು ಮನವೊಲಿಸಲು ನೋಡಿದರೆಂದು ಮುತ್ತಮ್ಮ ಮುಂದೆ ತಮ್ಮ ಅರ್ಜಿಯಲ್ಲಿ ಬರೆದರು. ತಮ್ಮ ಪ್ರಭಾವ ಬಳಸಿ ಕನಿಷ್ಠ ಅಂಕ ಕೊಡಿಸಿದ್ದಾಗಿ ಅದೇ ಅಧ್ಯಕ್ಷರು ಆಮೇಲೊಮ್ಮೆ ತಮಗೇ ಹೇಳಿದರೆಂದೂ ಅದರಲ್ಲಿದೆ. ಅಷ್ಟಾದರೂ ಆಯ್ಕೆಯಾದವರಿಂದ ಇಲಾಖೆ ಒಂದು ಮುಚ್ಚಳಿಕೆ ಬರೆಸಿಕೊಂಡಿತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು.

1961ರಲ್ಲಿ ಈ ಮನೋಭಾವ ಅಚ್ಚುಕಟ್ಟಾಗಿ ನಿಯಮಾವಳಿಯೊಳಗೇ ಬಂದು ಕೂತಿತು. ನಡತೆ ನಿಯಮಗಳ 8(2)ರ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರವೂ, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನ್ನಿಸಿದರೆ ಸಾಕು, ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ನೇಮಕಾತಿ ನಿಯಮ 18(4) ಇನ್ನೂ ನೇರ: ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ. ಲಿಂಗಭೇದ ಸಲ್ಲದು ಎಂದು ಸಂವಿಧಾನ ಹೇಳಿ ಆಗಲೇ ಹನ್ನೊಂದು ವರ್ಷ ಕಳೆದಿತ್ತು!

ಪ್ಯಾರಿಸ್, ರಂಗೂನ್, ಲಂಡನ್, ನಡುವೆ ದೆಹಲಿ ಎಂದು ಮುತ್ತಮ್ಮ ಒಂದೊಂದೇ ಮೆಟ್ಟಿಲು ಹತ್ತಿದರು. ಅವರು ಮದುವೆಯಾಗಲಿಲ್ಲ. 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ವಿಜಯಲಕ್ಷ್ಮಿ ಪಂಡಿತ್ 1947ರಲ್ಲೇ ಮಾಸ್ಕೋಗೆ ರಾಯಭಾರಿಯಾಗಿ ಹೋಗಿದ್ದರು, ನಿಜ. ಅದು ರಾಜಕೀಯ ನೇಮಕ. ಪರೀಕ್ಷೆ ಬರೆದು, ಕೆಳಗಿನ ಹುದ್ದೆಯಿಂದ ಬಡ್ತಿ ಪಡೆಯುತ್ತಾ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಮುತ್ತಮ್ಮನವರೇ. ಹಂಗೆರಿಯ ನಂತರ ಘಾನಾ.

ಮುಂದಿನ ಬಡ್ತಿ, ಅಂದರೆ ಸೇವೆಯ ಮೊದಲನೇ ದರ್ಜೆ, ಅವರಿಗೆ ಸಿಗಲಿಲ್ಲ. ಕಿರಿಯರು ಮುಂದೆ ಹೋದರು. ನೇಮಕಾತಿ ಸಮಿತಿಗೆ ಮಹಿಳೆಯರ ಬಗ್ಗೆಯೇ ಪೂರ್ವಗ್ರಹವಿದೆ ಎಂದು ಅವರು 1979ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅಧಿಕಾರದಲ್ಲಿರುವಾಗಲೇ ಸರ್ಕಾರವನ್ನು ಕೋರ್ಟಿಗೆಳೆಯಲು ಎಂಥ ಗಟ್ಟಿತನ ಬೇಕು ಎಂಬುದು ಸರ್ಕಾರಿ ನೌಕರಿ ಮಾಡಿದವರಿಗೆ ಗೊತ್ತು. ಅರ್ಜಿ ವಿಚಾರಣೆಯಲ್ಲಿದ್ದಾಗಲೇ ಬಡ್ತಿಯೂ ಬಂತು.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1979ರ ಸೆಪ್ಟೆಂಬರ್‌ನಲ್ಲಿ ಬರೆದ ತೀರ್ಪಿನ ತರ್ಕ ಬಹಳ ಸರಳ. ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗಬಹುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲ? ಹಾಗಿದ್ದ ಮೇಲೆ ಅನುಮತಿಯ ಷರತ್ತು ಹೆಣ್ಣಿಗೆ ಮಾತ್ರ ಏಕೆ? 18(4)ನ್ನು 1973ರ ನವೆಂಬರ್‌ನಲ್ಲೇ ತೆಗೆದಿದ್ದೇವೆ, 8(2)ನ್ನೂ ತೆಗೆಯುತ್ತಿದ್ದೇವೆ ಎಂದು ಸರ್ಕಾರ ಹೇಳಿತು. ಬಡ್ತಿ ತಡವಾದ ಅವಧಿಯ ಸೇವಾ ಹಿರಿತನವನ್ನು ಮರುಪರಿಶೀಲಿಸಿ, ತಾರತಮ್ಯದ ಕಲೆ ಉಳಿಯದಂತೆ ಸೇವಾ ನಿಯಮಗಳನ್ನೆಲ್ಲ ತಿದ್ದಿ ಎಂದು ನ್ಯಾಯಾಲಯ ಸೂಚಿಸಿತು. ಕೊನೆಗೆ ಹೇಳಿದ್ದು: ಅರ್ಜಿಯನ್ನು ವಜಾ ಮಾಡುತ್ತೇವೆ, ಸಮಸ್ಯೆಯನ್ನಲ್ಲ.

ಕಾಗದದ ಮೇಲೆ ಮುತ್ತಮ್ಮ ಸೋತರು, ನಿಯಮ ಹೋಯಿತು. ಹೇಗ್‌ನಲ್ಲಿ ರಾಯಭಾರಿಯಾಗಿದ್ದು 1982ರಲ್ಲಿ ನಿವೃತ್ತರಾದರು. ಬೆಂಗಳೂರಿನಲ್ಲಿ ಓದಿದ ನಿರುಪಮಾ ರಾವ್ ವಿದೇಶಾಂಗ ಕಾರ್ಯದರ್ಶಿಯಾದ 2009ರಲ್ಲೇ, ಬೆಂಗಳೂರಿನಲ್ಲಿ ತೀರಿಕೊಂಡರು.

ಸಮಸ್ಯೆ ಮಾತ್ರ ಬೇರೆ ಇಲಾಖೆಗಳಲ್ಲಿ ಉಳಿದೇ ಇತ್ತು. 1988ರಲ್ಲಿ ಸೇನಾ ಶುಶ್ರೂಷಾ ಸೇವೆಯ ಅಧಿಕಾರಿಯೊಬ್ಬರನ್ನು ಮದುವೆಯಾದರೆಂದು ಕೆಲಸದಿಂದ ತೆಗೆಯಲಾಯಿತು. ಅದಕ್ಕೆ ಆಧಾರವಾಗಿದ್ದ 1977ರ ಸೇನಾ ಆದೇಶ ರದ್ದಾದದ್ದು 1995ರಲ್ಲಿ. ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರವರಿಯಲ್ಲಿ.